ಎರಡನೇ ಎಲಿಜಬೆತ್ ರಾಣಿಯವರ 1961ರ ಭೇಟಿ ಮತ್ತು ಕೋಲಾರ ಚಿನ್ನದ ಗಣಿ ಪ್ರದೇಶ

ಸಾರ್ವಜನಿಕರ ಮಾಹಿತಿಗಾಗಿ

ಬ್ರಿಟನ್ನಿನ ಎರಡನೇ ಎಲಿಜಬೆತ್ ರಾಣಿಯವರು ತಮ್ಮ ಪತಿ ಎಡಿನ್‌ಬರೋ ಡ್ಯೂಕ್ ರಾಜಕುಮಾರ ಫಿಲಿಪ್ ಅವರೊಡನೆ 1961ರ ಜನವರಿ 21ರಂದು ಭಾರತಕ್ಕೆ ಆಗಮಿಸಿದರು. ಭಾರತದ ರಾಷ್ಟ್ರಪತಿಯವರ ಆಹ್ವಾನದ ಮೇರೆಗೆ ಕೈಗೊಂಡ ಈ ಪ್ರವಾಸದ ಅಂಗವಾಗಿ, ಅದೇ ವರ್ಷದ ಫೆಬ್ರುವರಿ ತಿಂಗಳಿನಲ್ಲಿ ಅವರು ಅಂದಿನ ಮೈಸೂರು ರಾಜ್ಯಕ್ಕೂ ಬಂದಿದ್ದರು. ರಾಜ್ಯದಲ್ಲಿ ಅವರ ಕಾರ್ಯಕ್ರಮಗಳು ಬೆಂಗಳೂರು ಹಾಗೂ ನಂದಿಬೆಟ್ಟದಲ್ಲಿ ನಡೆದವು. ನಂದಿಬೆಟ್ಟವು ಇಂದು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ್ದರೂ, ಆ ಜಿಲ್ಲೆಯು ರಚನೆಯಾದದ್ದು 2007ರಲ್ಲಿ; 1961ರಲ್ಲಿ ಅದು ಕೋಲಾರ ಜಿಲ್ಲೆಯ ಭಾಗವಾಗಿತ್ತು. ಆದ್ದರಿಂದ ರಾಣಿಯವರು ವಿಶ್ರಾಂತಿಗೆಂದು ತೆರಳಿದ ಬೆಟ್ಟವೂ, ಬ್ರಿಟಿಷ್ ಕಂಪನಿಗಳು ಮುಕ್ಕಾಲು ಶತಮಾನ ಕಾಲ ಚಿನ್ನ ತೆಗೆದ ಗಣಿಗಳೂ ಆಗ ಒಂದೇ ಜಿಲ್ಲಾಡಳಿತದ ವ್ಯಾಪ್ತಿಯಲ್ಲಿದ್ದವು.

ಭೇಟಿಯ ಹಿನ್ನೆಲೆ, ಅದಕ್ಕೂ ಕೋಲಾರ ಚಿನ್ನದ ಗಣಿ ಮತ್ತು ಬಂಗಾರಪೇಟೆ ಪ್ರದೇಶಕ್ಕೂ ಇರುವ ಸಂಬಂಧ, ಹಾಗೂ ಈ ಕುರಿತ ಹಳೆಯ ದಾಖಲೆಗಳನ್ನು ಪಡೆಯಬಯಸುವವರು ಅನುಸರಿಸಬೇಕಾದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ರಾಷ್ಟ್ರಮಟ್ಟದ ಭೇಟಿ ಎಂದರೇನು?

ಒಂದು ರಾಷ್ಟ್ರದ ಮುಖ್ಯಸ್ಥರು, ಅಂದರೆ ಅರಸರು ಅಥವಾ ರಾಷ್ಟ್ರಾಧ್ಯಕ್ಷರು, ಮತ್ತೊಂದು ರಾಷ್ಟ್ರದ ಮುಖ್ಯಸ್ಥರ ಆಹ್ವಾನದ ಮೇರೆಗೆ ಔಪಚಾರಿಕವಾಗಿ ಕೈಗೊಳ್ಳುವ ಪ್ರವಾಸವನ್ನು ‘ಸ್ಟೇಟ್ ವಿಸಿಟ್’ ಎಂದು ಕರೆಯಲಾಗುತ್ತದೆ. ಕನ್ನಡದಲ್ಲಿ ಇದನ್ನು ರಾಷ್ಟ್ರಮಟ್ಟದ ಔಪಚಾರಿಕ ಭೇಟಿ ಎನ್ನಬಹುದು. ಅತಿಥಿಗಳಿಗೆ ಗೌರವ ರಕ್ಷೆ, 21 ಕುಶಾಲು ತೋಪುಗಳ ಮರ್ಯಾದೆ, ರಾಷ್ಟ್ರಪತಿಯವರ ಔತಣಕೂಟ ಮುಂತಾದವು ಇದರ ಅಂಗಗಳಾಗಿರುತ್ತವೆ. ಅತಿಥಿಗಳು ರಾಜ್ಯವೊಂದಕ್ಕೆ ಬಂದಾಗ ರಾಜ್ಯಪಾಲರು ಮತ್ತು ಮುಖ್ಯಮಂತ್ರಿಗಳು ಅವರನ್ನು ಬರಮಾಡಿಕೊಳ್ಳುತ್ತಾರೆ. ರಾಜ್ಯದೊಳಗಿನ ವ್ಯವಸ್ಥೆಯನ್ನು ಶಿಷ್ಟಾಚಾರ ವಿಭಾಗವು ಜಿಲ್ಲಾಡಳಿತ ಹಾಗೂ ಪೊಲೀಸ್ ಇಲಾಖೆಯ ಸಹಕಾರದೊಂದಿಗೆ ಕೈಗೊಳ್ಳುತ್ತದೆ.

ಅರಸರ ಭೇಟಿಗಳೆಲ್ಲವೂ ಈ ವರ್ಗಕ್ಕೆ ಸೇರುವುದಿಲ್ಲ ಎಂಬುದನ್ನು ಗಮನಿಸತಕ್ಕದ್ದು. ಉದಾಹರಣೆಗೆ, ಬ್ರಿಟನ್ನಿನ ಈಗಿನ ದೊರೆ ಮೂರನೇ ಚಾರ್ಲ್ಸ್ ಅವರು 2024ರ ಅಕ್ಟೋಬರ್ ತಿಂಗಳಿನಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್ ಬಳಿಯ ಆರೋಗ್ಯ ಕೇಂದ್ರವೊಂದರಲ್ಲಿ ಕೆಲವು ದಿನ ತಂಗಿದ್ದುದು ಖಾಸಗಿ ಭೇಟಿ. ಅದಕ್ಕೆ ಔಪಚಾರಿಕ ಸ್ವಾಗತವಾಗಲೀ ಸಾರ್ವಜನಿಕ ಸಮಾರಂಭವಾಗಲೀ ಇರಲಿಲ್ಲ.

1961ಕ್ಕೆ ಮುಂಚಿನ ರಾಜಕುಟುಂಬದ ಪ್ರವಾಸಗಳು

ಮೈಸೂರು ಸಂಸ್ಥಾನಕ್ಕೆ ಬ್ರಿಟಿಷ್ ರಾಜಕುಟುಂಬದವರು ಬಂದದ್ದು 1961ರಲ್ಲಿ ಮೊದಲ ಬಾರಿಯಲ್ಲ. ವಿಕ್ಟೋರಿಯಾ ರಾಣಿಯವರ ಮೊಮ್ಮಗ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅವರು 1889ರಲ್ಲಿ ಬಂದು, ಅದೇ ವರ್ಷದ ನವೆಂಬರ್ 30ರಂದು ಲಾಲ್‌ಬಾಗಿನ ಗಾಜಿನ ಮನೆಗೆ ಶಂಕುಸ್ಥಾಪನೆ ಮಾಡಿದರು. ಮುಂದೆ ಐದನೇ ಜಾರ್ಜ್ ದೊರೆಯಾದ ಅಂದಿನ ವೇಲ್ಸ್ ರಾಜಕುಮಾರರು 1906ರ ಫೆಬ್ರುವರಿ 5ರಂದು ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಚಿನಲ್ಲಿ ವಿಕ್ಟೋರಿಯಾ ರಾಣಿಯವರ ಪ್ರತಿಮೆಯನ್ನು ಅನಾವರಣಗೊಳಿಸಿದರು. ಅವರ ಪುತ್ರ ರಾಜಕುಮಾರ ಎಡ್ವರ್ಡ್ ಅವರು 1922ರ ಜನವರಿಯಲ್ಲಿ ಬಂದರು. ಅಸಹಕಾರ ಚಳವಳಿಯ ಆ ದಿನಗಳಲ್ಲಿ ದೇಶದ ಅನೇಕ ನಗರಗಳಲ್ಲಿ ಅವರ ಪ್ರವಾಸಕ್ಕೆ ಬಹಿಷ್ಕಾರ ಹಾಕಲಾಗಿತ್ತು.

ಈ ಮೂರೂ ಪ್ರವಾಸಗಳು ಸಂಭ್ರಮದಿಂದಲೇ ನಡೆದವು. ಆದರೆ ಅವುಗಳನ್ನು ಎರಡು ದೇಶಗಳ ಸ್ನೇಹದ ಭೇಟಿ ಎನ್ನಲು ಬರುವಂತಿರಲಿಲ್ಲ. ಮೈಸೂರು ಸಂಸ್ಥಾನವು ಬ್ರಿಟಿಷ್ ಸಾರ್ವಭೌಮತ್ವಕ್ಕೆ ಒಳಪಟ್ಟಿತ್ತು. 1831ರಲ್ಲಿ ಆಡಳಿತವನ್ನು ಬ್ರಿಟಿಷರು ತಮ್ಮ ಕೈಗೆ ತೆಗೆದುಕೊಂಡು, ಐವತ್ತು ವರ್ಷಗಳ ನಂತರ 1881ರಲ್ಲಿ, ಅನೇಕ ಷರತ್ತುಗಳೊಂದಿಗೆ ಒಡೆಯರ್ ಮನೆತನಕ್ಕೆ ಹಿಂದಿರುಗಿಸಿದ್ದರು. ಸಂಸ್ಥಾನವು ಪ್ರತಿ ವರ್ಷವೂ ಬ್ರಿಟಿಷ್ ಸರ್ಕಾರಕ್ಕೆ ಪೊಗದಿ ಸಲ್ಲಿಸುತ್ತಿತ್ತು. ಐದನೇ ಜಾರ್ಜ್ ದೊರೆಯು 1911ರಲ್ಲಿ ದೆಹಲಿ ದರ್ಬಾರು ನಡೆಸಿದಾಗ ಇತರ ಸಂಸ್ಥಾನಗಳ ಅರಸರಂತೆ ಮೈಸೂರಿನ ಮಹಾರಾಜರೂ ಅಲ್ಲಿ ಗೌರವ ಸಲ್ಲಿಸಬೇಕಾಯಿತು. ಬಂದವರು ಒಡೆತನದ ಕಡೆಯವರು, ಬರಮಾಡಿಕೊಂಡವರು ಅಧೀನದವರು. ಹಾರ ತುರಾಯಿಗಳಿಂದ ಈ ಸ್ಥಿತಿ ಬದಲಾಗುತ್ತಿರಲಿಲ್ಲ.

ಚಿನ್ನದ ಗಣಿಗಳು ಹಾಗೂ ಬ್ರಿಟಿಷ್ ಸಂಬಂಧ

ಇದೇ ಅವಧಿಯಲ್ಲಿ ಕೋಲಾರ ಚಿನ್ನದ ಗಣಿ ಪ್ರದೇಶವು ಬೆಳೆದು ನಿಂತಿತು. ಈ ಭಾಗದ ಹಳ್ಳಿಗಳ ಜನರು ಮಣ್ಣನ್ನು ತೊಳೆದು ಚಿನ್ನದ ಕಣಗಳನ್ನು ತೆಗೆಯುತ್ತಿದ್ದುದನ್ನು 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಎಂಬ ಬ್ರಿಟಿಷ್ ಸೇನಾಧಿಕಾರಿಯು ಗಮನಿಸಿ ವರದಿ ಮಾಡಿದ್ದನು. ಐರ್ಲೆಂಡಿನ ನಿವೃತ್ತ ಸೈನಿಕ ಮೈಕೇಲ್ ಲವೆಲ್ ಎಂಬಾತನು 1873ರಲ್ಲಿ ಸರ್ಕಾರದಿಂದ ಗಣಿಗಾರಿಕೆಯ ಪರವಾನಗಿ ಕೋರಿದನು. 1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ಗಣಿಗಳ ನಿರ್ವಹಣೆಯನ್ನು ವಹಿಸಿಕೊಂಡ ಮೇಲೆ ಉತ್ಪಾದನೆಯು ಏರತೊಡಗಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ ಮತ್ತು ನಂದಿದುರ್ಗ ಇವು ಮುಖ್ಯ ಗಣಿಗಳಾಗಿದ್ದವು. ರಾಣಿಯವರು ತಂಗಿದ್ದ ಬೆಟ್ಟದ ಹೆಸರೇ ಈ ಕೊನೆಯ ಗಣಿಗೂ ಇತ್ತೆಂಬುದು ಕುತೂಹಲದ ಸಂಗತಿ.

ಗಣಿ ಕಂಪನಿಗಳು ಲಂಡನ್ನಿನಲ್ಲಿ ನೋಂದಣಿಯಾಗಿದ್ದವು. ಲಾಭಾಂಶವು ಅಲ್ಲಿನ ಷೇರುದಾರರಿಗೆ ಸಂದಾಯವಾಗುತ್ತಿತ್ತು. ಮೈಸೂರು ಸರ್ಕಾರಕ್ಕೆ ರಾಜಧನ ದೊರೆಯುತ್ತಿತ್ತು. ಆರಂಭದ ಕರಾರಿನಂತೆ ಇದು ಉತ್ಪನ್ನದ ಮೌಲ್ಯದ ಶೇಕಡಾ 5ರಷ್ಟು ಮಾತ್ರ. ಆದರೂ ಸಂಸ್ಥಾನದ ಬೊಕ್ಕಸಕ್ಕೆ ಅದು ಸಣ್ಣ ಮೊತ್ತವಾಗಿರಲಿಲ್ಲ. ಗಣಿಗಳಿಗೆ ವಿದ್ಯುತ್ ಒದಗಿಸುವ ಸಲುವಾಗಿಯೇ ಮೈಸೂರು ಸರ್ಕಾರವು ಶಿವನಸಮುದ್ರದಲ್ಲಿ ಜಲವಿದ್ಯುದಾಗಾರವನ್ನು ಸ್ಥಾಪಿಸಿ, 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಗಣಿ ಪ್ರದೇಶಕ್ಕೆ ತಂತಿ ಎಳೆಯಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು ಇದಾದ ಮೂರು ವರ್ಷಗಳ ಮೇಲೆ, 1905ರಲ್ಲಿ.

ಗಣಿಗಳಿಗೆ ಹೊರ ಜಗತ್ತಿನ ಬಾಗಿಲಾಗಿದ್ದುದು ಬಂಗಾರಪೇಟೆ. ಮದರಾಸು-ಬೆಂಗಳೂರು ರೈಲು ಮಾರ್ಗದ ಮೇಲಿನ ಈ ಊರಿಗೆ, 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರ ಸ್ಮರಣಾರ್ಥ ಬೌರಿಂಗ್‌ಪೇಟೆ ಎಂಬ ಹೆಸರಿಡಲಾಗಿತ್ತು. ಇಲ್ಲಿಂದ ಮಾರಿಕುಪ್ಪಂವರೆಗಿನ ಕವಲು ಮಾರ್ಗವು 1894ರಲ್ಲಿ ಸಂಚಾರಕ್ಕೆ ತೆರೆಯಿತು. ಯಂತ್ರೋಪಕರಣಗಳು ಬಂದದ್ದೂ ಕೆಲಸಗಾರರು ಕುಟುಂಬ ಸಮೇತ ಬಂದಿಳಿದದ್ದೂ ಇದೇ ಹಳಿಗಳ ಮೇಲೆ. ಗಣಿಯ ಕೆಳಗೆ ದುಡಿದವರಲ್ಲಿ ಉತ್ತರ ಆರ್ಕಾಟು, ಸೇಲಂ ಮುಂತಾದ ಜಿಲ್ಲೆಗಳ ತಮಿಳರು, ಅದರಲ್ಲೂ ದಲಿತ ಸಮುದಾಯದವರು ಬಹುಸಂಖ್ಯಾತರಾಗಿದ್ದರು. ಚಿತ್ತೂರು ಕಡೆಯ ತೆಲುಗರೂ ಸುತ್ತಲಿನ ಕನ್ನಡಿಗರೂ ಜೊತೆಗಿದ್ದರು. ಮೇಲ್ವಿಚಾರಕರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಗಣಿಗಾರರೂ ಆಂಗ್ಲೋ ಇಂಡಿಯನ್ನರೂ ಹೆಚ್ಚಾಗಿದ್ದರು. ಬಂಗಲೆ, ಕ್ಲಬ್ಬು, ಚರ್ಚು, ಗಾಲ್ಫ್ ಮೈದಾನಗಳಿದ್ದ ಭಾಗವನ್ನು ಜನರು ಪುಟ್ಟ ಇಂಗ್ಲೆಂಡ್ ಎಂದು ಕರೆಯುತ್ತಿದ್ದರು. ಕಾರ್ಮಿಕರ ಲೈನುಗಳಲ್ಲಿ ಮಾತ್ರ ಒಂದೇ ಕೋಣೆಯ ತಟ್ಟಿಯ ಮನೆಗಳಲ್ಲಿ ಕುಟುಂಬಗಳು ತಲೆಮಾರುಗಳನ್ನು ಕಳೆದವು.

ಚಾಂಪಿಯನ್ ರೀಫ್ ಗಣಿಯು ಸುಮಾರು 3.2 ಕಿಲೋಮೀಟರ್ ಆಳಕ್ಕೆ ಇಳಿದು, ಜಗತ್ತಿನ ಅತ್ಯಂತ ಆಳವಾದ ಗಣಿಗಳಲ್ಲಿ ಒಂದೆನಿಸಿತು. ಆಳ ಹೆಚ್ಚಿದಂತೆ ಶಾಖವೂ ಬಂಡೆ ಸಿಡಿತದ ಅಪಾಯವೂ ಹೆಚ್ಚಿದವು. ಕಲ್ಲಿನ ಧೂಳಿನಿಂದ ಶ್ವಾಸಕೋಶಕ್ಕೆ ತಗಲುವ ಸಿಲಿಕೋಸಿಸ್ ರೋಗವು ಭಾರತದಲ್ಲಿ ಮೊದಲು ವರದಿಯಾದದ್ದು ಈ ಗಣಿಗಳಿಂದಲೇ, 1934ರಲ್ಲಿ. ಅನಂತರ ಮೈಸೂರು ಸರ್ಕಾರವು 1940ರಲ್ಲಿ ಸಿಲಿಕೋಸಿಸ್ ನಿಯಮಗಳನ್ನು ರೂಪಿಸಿತು. ಕಾರ್ಮಿಕರು ಸುಮ್ಮನಿರಲಿಲ್ಲ. ಬೆರಳಚ್ಚು ನೋಂದಣಿಯನ್ನು ವಿರೋಧಿಸಿ 1930ರಲ್ಲಿ ಅವರು ನಡೆಸಿದ ಮುಷ್ಕರವು ಸಂಸ್ಥಾನದ ಕಾರ್ಮಿಕ ಚರಿತ್ರೆಯಲ್ಲಿ ಮುಖ್ಯವಾದುದು.

ಗಣಿಗಳ ಒಡೆತನದ ಬದಲಾವಣೆ

ಸ್ವಾತಂತ್ರ್ಯಾನಂತರವೂ ಸುಮಾರು ಒಂಬತ್ತು ವರ್ಷಗಳ ಕಾಲ ಗಣಿಗಳು ಬ್ರಿಟಿಷ್ ಕಂಪನಿಗಳ ಕೈಯಲ್ಲಿಯೇ ಉಳಿದಿದ್ದವು. ಕುತೂಹಲದ ಅಂಶವೆಂದರೆ, ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ ಕೆ. ಚೆಂಗಲರಾಯ ರೆಡ್ಡಿಯವರು ಈ ಗಣಿಗಳ ನೆರೆಯ ಕ್ಯಾಸಂಬಳ್ಳಿಯವರು. ಕೊನೆಗೆ 1956ರ ನವೆಂಬರ್ ತಿಂಗಳಿನಲ್ಲಿ, ವಿಶಾಲ ಮೈಸೂರು ರಾಜ್ಯವು ಉದಯವಾದ ಕೆಲವೇ ವಾರಗಳಲ್ಲಿ, ರಾಜ್ಯ ಸರ್ಕಾರವು ಕಂಪನಿಗಳಿಗೆ ಪರಿಹಾರ ನೀಡಿ ಗಣಿಗಳನ್ನು ವಶಕ್ಕೆ ತೆಗೆದುಕೊಂಡಿತು.

ಬ್ರಿಟಿಷರ ಸ್ವತ್ತುಗಳ ರಾಷ್ಟ್ರೀಕರಣವು ಆ ಕಾಲದಲ್ಲಿ ಎಲ್ಲೆಡೆಯೂ ಶಾಂತವಾಗಿ ನಡೆದಿರಲಿಲ್ಲ. ಇರಾನ್ ದೇಶವು 1951ರಲ್ಲಿ ತೈಲೋದ್ಯಮವನ್ನು ರಾಷ್ಟ್ರೀಕರಣಗೊಳಿಸಿದಾಗ ಆ ದೇಶದ ಸರ್ಕಾರವೇ ಉರುಳುವ ಮಟ್ಟಿಗೆ ಸಂಘರ್ಷ ಬೆಳೆಯಿತು. ಕೋಲಾರದಲ್ಲಿ ಗಣಿಗಳ ವರ್ಗಾವಣೆ ನಡೆದ ಅದೇ 1956ರ ಕೊನೆಯಲ್ಲಿ, ಸೂಯೆಜ್ ಕಾಲುವೆಯ ರಾಷ್ಟ್ರೀಕರಣದ ಕಾರಣದಿಂದ ಬ್ರಿಟನ್ ಈಜಿಪ್ಟಿನ ಮೇಲೆ ಸೇನೆಯನ್ನೇ ನುಗ್ಗಿಸಿತ್ತು. ಭಾರತವು ಅದನ್ನು ಖಂಡಿಸಿತ್ತು. ಅಂತಹ ಕಾಲದಲ್ಲಿ ಕೋಲಾರದ ಗಣಿಗಳು ಮಾತುಕತೆ ಮತ್ತು ಪರಿಹಾರದ ಮೂಲಕ ಕೈಬದಲಾದುದು ಸಾಮಾನ್ಯ ಸಂಗತಿಯಲ್ಲ. ಎರಡು ದೇಶಗಳ ಮೈತ್ರಿಯನ್ನು ಕುರಿತು ಮಾತನಾಡುವಾಗ ಔತಣಕೂಟದ ಭಾಷಣಗಳಿಗಿಂತ ಇಂತಹ ವ್ಯವಹಾರಗಳೇ ಹೆಚ್ಚಿನ ಸಾಕ್ಷ್ಯವನ್ನು ಒದಗಿಸುತ್ತವೆ.

1961ರ ಭೇಟಿಯ ವಿವರ

ಭಾರತವು 1950ರಲ್ಲಿ ಗಣರಾಜ್ಯವಾದ ಮೇಲೆ ಬ್ರಿಟಿಷ್ ದೊರೆಗೆ ಇಲ್ಲಿ ಯಾವ ಅಧಿಕಾರವೂ ಉಳಿಯಲಿಲ್ಲ. ಆದರೆ 1949ರ ಏಪ್ರಿಲ್ ತಿಂಗಳಿನ ಲಂಡನ್ ಘೋಷಣೆಯ ಪ್ರಕಾರ ಭಾರತವು ಗಣರಾಜ್ಯವಾಗಿಯೂ ಕಾಮನ್‌ವೆಲ್ತ್ ಕೂಟದಲ್ಲಿ ಉಳಿಯಲು ಒಪ್ಪಿತ್ತು. ದೊರೆಯನ್ನು ಕೂಟದ ಮುಖ್ಯಸ್ಥರೆಂದು ಮಾತ್ರ ಮಾನ್ಯ ಮಾಡಿತ್ತು. ಆಳುವ ಬ್ರಿಟಿಷ್ ದೊರೆಯೊಬ್ಬರು ಭಾರತಕ್ಕೆ ಬಂದದ್ದು 1911ರ ನಂತರ 1961ರಲ್ಲಿಯೇ.

ದೆಹಲಿಯಲ್ಲಿ ರಾಣಿಯವರನ್ನು ರಾಷ್ಟ್ರಪತಿ ಡಾ. ರಾಜೇಂದ್ರ ಪ್ರಸಾದ್, ಉಪರಾಷ್ಟ್ರಪತಿ ಡಾ. ಎಸ್. ರಾಧಾಕೃಷ್ಣನ್ ಹಾಗೂ ಪ್ರಧಾನಮಂತ್ರಿ ಜವಾಹರಲಾಲ್ ನೆಹರೂ ಅವರು ಬರಮಾಡಿಕೊಂಡರು. ಜನವರಿ 26ರ ಗಣರಾಜ್ಯೋತ್ಸವಕ್ಕೆ ಅವರೇ ಮುಖ್ಯ ಅತಿಥಿಯಾಗಿದ್ದರು. ಬ್ರಿಟಿಷ್ ಆಳ್ವಿಕೆಯನ್ನು ಕೊನೆಗಾಣಿಸಿದ ಗಣರಾಜ್ಯದ ಹಬ್ಬಕ್ಕೆ ಬ್ರಿಟಿಷ್ ರಾಣಿಯೇ ಅತಿಥಿ! ರಾಮಲೀಲಾ ಮೈದಾನದಲ್ಲಿ ನಡೆದ ಪೌರ ಸನ್ಮಾನದಲ್ಲಿ ಅಪಾರ ಜನಸ್ತೋಮವನ್ನು ಉದ್ದೇಶಿಸಿ ಅವರು ಮಾತನಾಡಿದರು. ಪ್ರವಾಸದ ನಡುವೆ ಪಾಕಿಸ್ತಾನಕ್ಕೂ ತೆರಳಿ, ಹಿಂದಿರುಗಿದ ಮೇಲೆ ಬ್ರಿಟನ್ನಿನ ನೆರವಿನಿಂದ ನಿರ್ಮಿಸಲಾದ ದುರ್ಗಾಪುರ ಉಕ್ಕಿನ ಕಾರ್ಖಾನೆ, ಕಲ್ಕತ್ತಾ ಹಾಗೂ ಮದರಾಸುಗಳನ್ನು ಸಂದರ್ಶಿಸಿ ಬೆಂಗಳೂರಿಗೆ ಆಗಮಿಸಿದರು.

ಬೆಂಗಳೂರಿನಲ್ಲಿ ರಸ್ತೆಯ ಇಕ್ಕೆಲಗಳಲ್ಲಿಯೂ ಜನರು ಕಿಕ್ಕಿರಿದು ನಿಂತು ಅವರನ್ನು ನೋಡಿದರು. ಲಾಲ್‌ಬಾಗಿನಲ್ಲಿ ಅವರು ಅರೌಕೇರಿಯಾ ಜಾತಿಯ ಸಸಿಯೊಂದನ್ನು ನೆಟ್ಟರು. ಅವರ ಅಜ್ಜನ ಅಣ್ಣ ಆಲ್ಬರ್ಟ್ ವಿಕ್ಟರ್ ಶಂಕುಸ್ಥಾಪನೆ ಮಾಡಿದ ಗಾಜಿನ ಮನೆಯೂ ಇದೇ ಉದ್ಯಾನದಲ್ಲಿದೆ. ಬೆಂಗಳೂರಿನಿಂದ ಅವರು ವಿಶ್ರಾಂತಿಗಾಗಿ ನಂದಿಬೆಟ್ಟಕ್ಕೆ ತೆರಳಿದರು. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ಈ ಬೆಟ್ಟದ ಮೇಲೆ, ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಅವರು ಕಟ್ಟಿಸಿದ್ದ ಬಂಗಲೆಯಿದೆ. ಮಹಾತ್ಮ ಗಾಂಧಿಯವರು 1927 ಮತ್ತು 1936ರಲ್ಲಿ ಆರೋಗ್ಯ ಸುಧಾರಣೆಗಾಗಿ ಈ ಬೆಟ್ಟದ ಮೇಲೆಯೇ ತಂಗಿದ್ದರು.

ರಾಜ್ಯದಲ್ಲಿ ರಾಣಿಯವರಿಗೆ ಆತಿಥೇಯರಾಗಿದ್ದವರು ಯಾರು ಎಂಬುದು ಈ ಭೇಟಿಯ ಅತ್ಯಂತ ಅರ್ಥಪೂರ್ಣ ಅಂಶವೆನ್ನಬಹುದು. ಅಂದಿನ ರಾಜ್ಯಪಾಲರು ಶ್ರೀ ಜಯಚಾಮರಾಜ ಒಡೆಯರ್ ಅವರು, ಅಂದರೆ ಮೈಸೂರಿನ ಕೊನೆಯ ಮಹಾರಾಜರು. ಅವರ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು 1906 ಮತ್ತು 1922ರಲ್ಲಿ ಬ್ರಿಟಿಷ್ ರಾಜಕುಮಾರರನ್ನು ಅಧೀನ ಸಂಸ್ಥಾನದ ಅರಸರಾಗಿ ಸ್ವಾಗತಿಸಿದ್ದರೆ, ಜಯಚಾಮರಾಜ ಒಡೆಯರ್ ಅವರು ರಾಣಿಯವರನ್ನು ಸಂವಿಧಾನದಂತೆ ನೇಮಕಗೊಂಡ ರಾಜ್ಯಪಾಲರಾಗಿ ಸ್ವಾಗತಿಸಿದರು. ಮುಖ್ಯಮಂತ್ರಿಗಳಾಗಿದ್ದ ಶ್ರೀ ಬಿ.ಡಿ. ಜತ್ತಿಯವರು ಜನರಿಂದ ಆಯ್ಕೆಯಾದವರು. ಅವರ ಸರ್ಕಾರವೇ ಅಂದು ಕೋಲಾರದ ಚಿನ್ನದ ಗಣಿಗಳ ಒಡೆಯನೂ ಆಗಿತ್ತು. ಲಂಡನ್ನಿನ ಕಂಪನಿಗಳಿಂದ ಗಣಿಗಳನ್ನು ಪಡೆದು ಆಗ್ಗೆ ಐದು ವರ್ಷಗಳೂ ತುಂಬಿರಲಿಲ್ಲ.

ರಾಣಿಯವರು ಮುಂದೆ 1983 ಮತ್ತು 1997ರಲ್ಲಿ ಮತ್ತೆ ಭಾರತಕ್ಕೆ ಬಂದರು. 2022ರ ಸೆಪ್ಟೆಂಬರ್ 8ರಂದು ನಿಧನ ಹೊಂದಿದರು. ಭಾರತದ ಕಡೆಯಿಂದ ಮರುಭೇಟಿಯಾಗಿ 1963ರ ಜೂನ್ ತಿಂಗಳಿನಲ್ಲಿ, ಆ ವೇಳೆಗೆ ರಾಷ್ಟ್ರಪತಿಯಾಗಿದ್ದ ಡಾ. ರಾಧಾಕೃಷ್ಣನ್ ಅವರು ಬ್ರಿಟನ್ನಿಗೆ ತೆರಳಿದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು ಕನ್ನಡ ನಾಡಿಗೆ ಅಪರಿಚಿತರಲ್ಲ.

ಭೇಟಿಯ ನಂತರದ ದಿನಗಳು

ಚಿನ್ನದ ಗಣಿಗಳ ಒಡೆತನವು 1962ರ ಡಿಸೆಂಬರ್ ತಿಂಗಳಿನಲ್ಲಿ ಕೇಂದ್ರ ಸರ್ಕಾರಕ್ಕೆ ವರ್ಗವಾಯಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಎಂಬ ಕಂಪನಿಯನ್ನು ಸ್ಥಾಪಿಸಲಾಯಿತು. ಅದಿರಿನಲ್ಲಿ ಚಿನ್ನದ ಅಂಶ ಇಳಿಯುತ್ತಾ, ವೆಚ್ಚ ಏರುತ್ತಾ ಹೋದುದರಿಂದ 2001ರ ಫೆಬ್ರುವರಿ 28ರಂದು ಗಣಿಗಳನ್ನು ಮುಚ್ಚಲಾಯಿತು. ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಇಲ್ಲಿಂದ ಸುಮಾರು 800 ಟನ್ ಚಿನ್ನ ದೊರೆತಿದೆ. ಗಣಿಯ ಕುಟುಂಬಗಳ ಅನೇಕರು ಇಂದಿಗೂ ಬೆಳಗಿನ ರೈಲಿನಲ್ಲಿ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಾರೆ. ಸೈನೈಡ್ ದಿಬ್ಬಗಳೆಂದು ಹೆಸರಾದ ಅದಿರಿನ ಹುಡಿಯ ರಾಶಿಗಳು ಊರಿನ ಮಧ್ಯೆ ಹಾಗೆಯೇ ನಿಂತಿವೆ.

ನಂದಿಬೆಟ್ಟಕ್ಕೆ ಅರಸರು ಮತ್ತೊಮ್ಮೆ ಬಂದದ್ದು 1986ರ ನವೆಂಬರ್ ತಿಂಗಳಿನಲ್ಲಿ. ಬೆಂಗಳೂರಿನಲ್ಲಿ ನಡೆದ ಎರಡನೇ ಸಾರ್ಕ್ ಶೃಂಗಸಭೆಯ ಅಂಗವಾಗಿ ನೇಪಾಳದ ದೊರೆ ಬೀರೇಂದ್ರ, ಭೂತಾನಿನ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ಮತ್ತು ಇತರ ನಾಯಕರು ಅನೌಪಚಾರಿಕ ಮಾತುಕತೆಗಾಗಿ ಅಲ್ಲಿ ಸೇರಿದ್ದರು.

ದಾಖಲೆಗಳನ್ನು ಪಡೆಯಬಯಸುವವರ ಗಮನಕ್ಕೆ

ಗಣಿ ಪ್ರದೇಶದಲ್ಲಿ ನೆಲೆಸಿದ್ದ ಕುಟುಂಬಗಳವರು, ಅವರಲ್ಲಿಯೂ ಬ್ರಿಟನ್ ಹಾಗೂ ಆಸ್ಟ್ರೇಲಿಯಾಗಳಿಗೆ ವಲಸೆ ಹೋದ ಆಂಗ್ಲೋ ಇಂಡಿಯನ್ ಕುಟುಂಬಗಳ ಮುಂದಿನ ಪೀಳಿಗೆಯವರು, ತಮ್ಮ ಹಿರಿಯರ ವಿವರಗಳನ್ನು ಹುಡುಕುವುದು ಸಾಮಾನ್ಯ. ಇಂತಹವರೂ ಸಂಶೋಧಕರೂ ಮೊದಲಿಗೆ 1968ರಲ್ಲಿ ಪ್ರಕಟವಾದ ಕೋಲಾರ ಜಿಲ್ಲಾ ಗ್ಯಾಸೆಟಿಯರನ್ನು ನೋಡುವುದು ಉಪಯುಕ್ತ. ಹಳೆಯ ಮೈಸೂರು ಸರ್ಕಾರದ ಕಡತಗಳಿಗಾಗಿ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯನ್ನೂ, ಭಾರತ ಸರ್ಕಾರದ ಕಡತಗಳಿಗಾಗಿ ನವದೆಹಲಿಯ ರಾಷ್ಟ್ರೀಯ ಪತ್ರಾಗಾರವನ್ನೂ ಸಂಪರ್ಕಿಸತಕ್ಕದ್ದು. ಚರ್ಚುಗಳ ದೀಕ್ಷಾಸ್ನಾನ, ವಿವಾಹ ಹಾಗೂ ಸಮಾಧಿ ವಹಿಗಳು ಸರ್ಕಾರಿ ದಾಖಲೆಗಳಲ್ಲವಾದ್ದರಿಂದ ಅವುಗಳಿಗಾಗಿ ಸಂಬಂಧಪಟ್ಟ ಚರ್ಚಿನಲ್ಲಿಯೇ ವಿಚಾರಿಸಬೇಕಾಗುತ್ತದೆ. ಬ್ರಿಟಿಷ್ ಆಳ್ವಿಕೆಯ ಕಾಲದ ಇಂಡಿಯಾ ಆಫೀಸ್ ದಾಖಲೆಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಪತ್ರಾಗಾರಕ್ಕೆ ವರ್ಗಾವಣೆಯಾಗದೆ ಕಛೇರಿಗಳಲ್ಲಿಯೇ ಉಳಿದಿರುವ ಕಡತಗಳಿಗಾಗಿ ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿರುವುದಿಲ್ಲ. ಈ ಹಕ್ಕು ಭಾರತದ ನಾಗರಿಕರಿಗೆ ಮಾತ್ರ ಇರುವುದರಿಂದ, ವಿದೇಶಿ ಪೌರತ್ವ ಪಡೆದವರು ಇಲ್ಲಿರುವ ಬಂಧುಗಳ ಮೂಲಕ ಅರ್ಜಿ ಸಲ್ಲಿಸುವುದು ಸೂಕ್ತ. ಅರ್ಜಿಯಲ್ಲಿ ಗಣಿಯ ಹೆಸರು, ವಿಷಯ ಹಾಗೂ ಅಂದಾಜು ವರ್ಷವನ್ನು ನಮೂದಿಸಿದಲ್ಲಿ ಹುಡುಕಾಟವು ಸುಲಭವಾಗುತ್ತದೆ. 1956ಕ್ಕೆ ಮೊದಲಿನ ಅವಧಿಯಲ್ಲಿ ಗಣಿಗಳು ಖಾಸಗಿ ಕಂಪನಿಗಳವು, 1956ರಿಂದ 1962ರವರೆಗೆ ರಾಜ್ಯ ಸರ್ಕಾರದವು, ಆ ಬಳಿಕ ಕೇಂದ್ರ ಸರ್ಕಾರದವು ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಸೂಕ್ತ ಪ್ರಾಧಿಕಾರಕ್ಕೆ ಅರ್ಜಿಯನ್ನು ಸಲ್ಲಿಸತಕ್ಕದ್ದು. ತಪ್ಪು ಕಛೇರಿಗೆ ಸಲ್ಲಿಸಿದ ಅರ್ಜಿಯನ್ನು ಸಂಬಂಧಪಟ್ಟ ಪ್ರಾಧಿಕಾರಕ್ಕೆ 5 ದಿನಗಳೊಳಗೆ ವರ್ಗಾಯಿಸಲು ಅಧಿನಿಯಮದಲ್ಲಿ ಅವಕಾಶವಿದೆ. ಉತ್ತರವು 30 ದಿನಗಳಲ್ಲಿ ಬಾರದಿದ್ದಲ್ಲಿ ಅಥವಾ ಬಂದ ಉತ್ತರವು ಸಮಾಧಾನಕರವಾಗಿಲ್ಲದಿದ್ದಲ್ಲಿ, ಅಲ್ಲಿಂದ 30 ದಿನಗಳೊಳಗಾಗಿ ಅದೇ ಪ್ರಾಧಿಕಾರದ ಪ್ರಥಮ ಮೇಲ್ಮನವಿ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದಾಗಿದೆ.